ಹ್ಯಾಂಬರ್ಗಿಗೆ ಹೋದ ನಾಲ್ಕು ಸಾವಿರ ಬುಟ್ಟಿ

ವೊಜಿನಾ, ೧೪ ಜನವರಿ ೧೯೯೦

ಇರೆಕ್,

ಹಬ್ಬಕ್ಕೆ ನೀನು ಕಳಿಸಿದ ಕಾಫಿಪುಡಿ ಬಂತು. ಅರ್ಧ ಮನೆಗೆ ಇಟ್ಟುಕೊಂಡು ಅರ್ಧ ಸಂಘದ ಹೆಂಗಸರಿಗೆ ಹಂಚಿದೆ. ಆದರೆ ಈ ಕಾಗದ ಕಾಫಿ ವಿಷಯಕ್ಕಲ್ಲ.

ಹೋದ ಸೋಮವಾರ ವಾರ್ಸಾದಿಂದ ನಮ್ಮ ಸಹಕಾರ ಸಂಘಕ್ಕೆ ಒಂದು ಪತ್ರ ಬಂತು. ಸರ್ಕಾರದ ರಫ್ತು ಕಚೇರಿ ಇನ್ನು ಮೇಲೆ ನಮ್ಮ ಬುಟ್ಟಿ ಕೊಳ್ಳುವುದಿಲ್ಲವಂತೆ. 'ನೀವು ಈಗ ಸ್ವತಂತ್ರರು, ಹೊರದೇಶದ ಗಿರಾಕಿಗಳನ್ನು ನೀವೇ ಹುಡುಕಿಕೊಳ್ಳಬಹುದು' ಅಂತ ಬರೆದಿದ್ದಾರೆ. ಅಧ್ಯಕ್ಷ ಜವಾದ್ಕಾ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಮನೆಗೆ ಹೋದರು.

ಪಕ್ಕದಲ್ಲಿ ಹೆಣೆಯುತ್ತಿದ್ದ ರೊಜಾಲಿಯಾ ಅಜ್ಜಿ ಕೇಳಿದಳು, "ಸ್ವತಂತ್ರ ಅಂದ್ರೆ ಏನೇ ತೆಕ್ಲಾ? ಲಾರಿ ಬರಲ್ಲ ಅಂತಾನಾ?"

"ಹೌದಜ್ಜಿ, ಲಾರಿ ಬರಲ್ಲ ಅಂತ."

"ಅಷ್ಟು ಹೇಳೋಕೆ ಇಷ್ಟುದ್ದ ಬರೆದ್ರಾ."

ನಾನು ಹೆಣೆಯೋಕೆ ಕೂತು ಮೂವತ್ತಮೂರು ವರ್ಷ. ತಿಂಗಳಿಗೊಂದು ಲಾರಿ ಬರುತ್ತಿತ್ತು, ತುಂಬಿಕೊಂಡು ಹೋಗುತ್ತಿತ್ತು. ಎಲ್ಲಿಗೆ, ಯಾರಿಗೆ, ಏನು ಹೇಳಿ ಮಾರುತ್ತಾರೆ, ಒಂದೂ ಗೊತ್ತಿಲ್ಲ. ಮಗಳನ್ನು ಮದುವೆ ಮಾಡಿ ಯಾವ ಮನೆಗೆ ಕೊಟ್ಟೆವು ಅಂತ ಮರೆತ ಹಾಗಿದೆ ನಮ್ಮ ಕಥೆ.

ನೀನು ಅದೇ ಕಚೇರಿಯ ಹ್ಯಾಂಬರ್ಗ್ ಶಾಖೆಯಲ್ಲಿ ಕೂತಿದ್ದೀಯ. ನಮ್ಮ ಬುಟ್ಟಿ ಕೊಳ್ಳುತ್ತಿದ್ದವರು ಯಾರು ಅಂತ ನೋಡು. ನಲವತ್ತು ಜನ ಹೆಂಗಸರಿದ್ದೇವೆ. ಕೈ ಚೆನ್ನಾಗಿದೆ. ಬಾಯಿಯೂ ಚೆನ್ನಾಗಿದೆ, ನಿನಗೆ ಗೊತ್ತಲ್ಲ.

ತೆಕ್ಲಾ


ಹ್ಯಾಂಬರ್ಗ್, ೯ ಫೆಬ್ರವರಿ ೧೯೯೦

ಪ್ರೀತಿಯ ಅಕ್ಕ,

ನಿನ್ನ ಪತ್ರ ತಲುಪಿತು. ಗಾಬರಿಗೆ ಕಾರಣವಿಲ್ಲ. ವಾರ್ಸಾದಲ್ಲಿ ಬದಲಾವಣೆಗಳಾಗುತ್ತಿವೆ, ಈ ಕಾಲದಲ್ಲಿ ಅದು ಸಹಜ. ಇಲ್ಲಿ ನಮ್ಮ ಶಾಖೆ ಎಂದಿನಂತೆ ನಡೆಯುತ್ತಿದೆ. ಕೆಲಸದ ಒತ್ತಡ ಮಾತ್ರ ಹೆಚ್ಚು.

ಆದರೂ ಬಿಡುವು ಮಾಡಿಕೊಂಡು ವಿಚಾರಿಸಿದೆ. ಕೆರೆಯ ದಂಡೆಯ ಒಂದು ದೊಡ್ಡ ಅಂಗಡಿಯ ಕಿಟಕಿಯಲ್ಲಿ ಬುಟ್ಟಿಯೊಂದನ್ನು ಕಂಡೆ. ಒಳಗೆ ವೈನ್ ಬಾಟಲಿ, ಚೀಸ್, ಮೇಲೊಂದು ರಿಬ್ಬನ್. ಒಳಗೆ ಹೋಗಿ ಅದನ್ನು ತಿರುವಿ ನೋಡಿದೆ. ತಳದಲ್ಲಿ ನಾಲ್ಕು ಕಡ್ಡಿಯ ಕೆಳಗೆ ನಾಲ್ಕು ಕಡ್ಡಿ ಹಾಯಿಸಿ ಬಿಗಿದ ಗಂಟು, ನಿಮ್ಮೂರಿನದೇ.

"ಇದು ಎಲ್ಲಿಯದು?" ಎಂದು ಅಂಗಡಿಯ ಹುಡುಗಿಯನ್ನು ಕೇಳಿದೆ.

"ಪೂರ್ವದ ಕಡೆಯದು ಸರ್. ಎಲ್ಲಿಯದೋ ಗೊತ್ತಿಲ್ಲ."

"ಇದನ್ನು ನನ್ನ ಅಕ್ಕ ಹೆಣೆದದ್ದು" ಎಂದೆ. ಅವಳು ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು.

ಮಾಲೀಕರ ಹೆಸರು ಲ್ಯೂಮನ್. ಏಳು ಅಂಗಡಿಗಳಿವೆ. ಪ್ರತಿ ಕ್ರಿಸ್‌ಮಸ್‌ಗೆ ತಿಂಡಿ ತುಂಬಿದ ಉಡುಗೊರೆ ಬುಟ್ಟಿ ಮಾರುತ್ತಾರೆ. ಮಾದರಿಗೆ ಮೂರು ಅಳತೆಯ ಬುಟ್ಟಿ ಕಳಿಸು. ನಲವತ್ತು ಜನ ನುರಿತ ಕೆಲಸಗಾರರಿದ್ದಾರೆ ಎಂದು ಅವರಿಗೆ ಹೇಳಿದ್ದೇನೆ.

ನಿನ್ನ ತಮ್ಮ,
ಇರೆನೆವುಷ್


ವೊಜಿನಾ, ೪ ಮಾರ್ಚ್ ೧೯೯೦

ಇರೆಕ್,

ಇರೆನೆವುಷ್ ಅಂತ ಪೂರ್ತಿ ಹೆಸರು ಹಾಕಿ ರುಜು ಮಾಡಿದ್ದೀಯ. ನಾನೇನು ಮಂತ್ರಿಯಾ? ಆದರೂ ಹದ್ದಿನ ಮುದ್ರೆಯಿರುವ ನಿನ್ನ ಕಚೇರಿ ಕಾಗದ ಹೆಂಗಸರ ಕೈಯಿಂದ ಕೈಗೆ ಓಡಾಡಿತು. ಗೆನ್ಯಾ ಅದನ್ನು ಬೆಳಕಿಗೆ ಹಿಡಿದು ನೋಡಿ, "ನಮ್ಮ ಇರೆಕ್ ದೊಡ್ಡ ಮನುಷ್ಯ ಆಗಿಬಿಟ್ಟ" ಅಂದಳು.

ಮೂರು ಬುಟ್ಟಿಯನ್ನು ಹ್ಯಾಂಬರ್ಗ್ ಬಸ್ಸಿನ ಚಾಲಕನ ಕೈಲಿ ಕಳಿಸಿದ್ದೇನೆ. ಒಂದು ಸುಲಿದ ಬಿಳಿ ವಿಲೋ ಕಡ್ಡಿಯದು, ಎರಡು ಬೇಯಿಸಿದ ಕಂದು ಕಡ್ಡಿಯವು. ಸಾಹೇಬರು ಹಿಡಿ ಹಿಡಿದು ಎಳೆದು ನೋಡಲಿ, ಸಂಕೋಚ ಬೇಡ ಅನ್ನು.

ನಾವೀಗ ಹಳೆ ಅಗ್ನಿಶಾಮಕ ಠಾಣೆಯಲ್ಲಿ ಕೂತು ಹೆಣೆಯುತ್ತೇವೆ. ಅಲ್ಲಿ ಬೆಳಕು ಚೆನ್ನಾಗಿದೆ. ಜವಾದ್ಕಾ ಪೇಟೆಯಲ್ಲಿ ವಿಡಿಯೋ ಕ್ಯಾಸೆಟ್ ಬಾಡಿಗೆ ಅಂಗಡಿ ಇಟ್ಟಿದ್ದಾರೆ. ಮೊನ್ನೆ ಸಿಕ್ಕಾಗ, "ತೆಕ್ಲಾ, ಕಾಲ ಬದಲಾಯ್ತು, ಬುಟ್ಟಿ ಯಾರಿಗೆ ಬೇಕು" ಅಂದರು. "ಮೊಟ್ಟೆ ತಗೊಂಡು ಹೋಗ್ತಿದ್ದೀರಲ್ಲ, ಕೈಲಿರೋದು ಏನು?" ಅಂದೆ. ಬುಟ್ಟಿ ನೋಡಿಕೊಂಡು ನಕ್ಕರು.

ತೆಕ್ಲಾ


ಹ್ಯಾಂಬರ್ಗ್, ೩೦ ಮಾರ್ಚ್ ೧೯೯೦

ಪ್ರೀತಿಯ ಅಕ್ಕ,

ಶುಭ ಸುದ್ದಿ. ಲ್ಯೂಮನ್ ನೂರು ಕಿಲೋಗೆ ಕಡಿಮೆಯಿಲ್ಲದ ಮನುಷ್ಯ. ನೀನು ಕಳಿಸಿದ ಕಂದು ಬುಟ್ಟಿಯನ್ನು ನೆಲದ ಮೇಲೆ ಮಗುಚಿ, ಬೂಟು ಹಾಕಿದ ಕಾಲಲ್ಲೇ ಅದರ ಮೇಲೆ ಹತ್ತಿ ನಿಂತರು. ಬುಟ್ಟಿ ಕಿರ್ ಎಂದಿತು, ಅಷ್ಟೆ. ಅವರು ಕೆಳಗಿಳಿದು, ಅದನ್ನು ಎತ್ತಿ ಮೂಸಿ ನೋಡಿ, "ನಾಲ್ಕು ಸಾವಿರ ಕೊಡ್ತೀರಾ?" ಎಂದರು.

"ಕೊಡ್ತೀವಿ" ಎಂದೆ.

ಆಗಸ್ಟ್ ಕೊನೆಯೊಳಗೆ ಮಾಲು ಅವರ ಗೋದಾಮಿಗೆ ಸೇರಬೇಕು. ಒಪ್ಪಂದಕ್ಕೆ ನಾನೇ ರುಜು ಹಾಕಿದ್ದೇನೆ. ನಲವತ್ತು ಜನಕ್ಕೆ ತಲೆಗೆ ನೂರು ಬುಟ್ಟಿ, ನಿಮಗೆ ಇದು ಹೊರೆಯಲ್ಲ ಎಂದು ಗೊತ್ತು. ಕೂಡಲೇ ಒಪ್ಪಿಗೆ ಬರೆ.

ಇರೆನೆವುಷ್


ವೊಜಿನಾ, ೧೧ ಏಪ್ರಿಲ್ ೧೯೯೦

ಇರೆಕ್,

ಆಗಲಿ. ನಾಲ್ಕು ಸಾವಿರ ಮಾಡುತ್ತೇವೆ.

ಸಂಘಕ್ಕೆ ಫೋನ್ ಮಾಡಬೇಡ, ಫೋನ್ ಕೆಟ್ಟಿದೆ. ಕಾಗದವೇ ಹಾಕು, ಮನೆಗೆ.

ತೆಕ್ಲಾ


ಹ್ಯಾಂಬರ್ಗ್, ೨೧ ಜೂನ್ ೧೯೯೦

ಪ್ರೀತಿಯ ಅಕ್ಕ,

ಎರಡು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಮೂರು ಪತ್ರ ಬರೆದೆ. ಎಷ್ಟಾಯಿತು? ಕಡ್ಡಿ ಸಾಕಷ್ಟಿದೆಯೇ? ಲ್ಯೂಮನ್ ಕೇಳುತ್ತಲೇ ಇರುತ್ತಾರೆ. ನಾನು ಪ್ರತಿ ಸಲವೂ 'ನಮ್ಮಕ್ಕ ಮಾತು ಕೊಟ್ಟಿದ್ದಾಳೆ' ಎನ್ನುತ್ತೇನೆ.

ಇನ್ನು ಮೇಲೆ ಕಾಗದವನ್ನು ಲಕೋಟೆಯ ಹಿಂದಿರುವ ಹೊಸ ವಿಳಾಸಕ್ಕೆ ಹಾಕು, ಫ್ರೌ ಬ್ರಾಂಟ್ ಎಂಬ ಮನೆಯೊಡತಿಯದು. ಕಚೇರಿಗೆ ಬಣ್ಣ ಬಳಿಯುತ್ತಿದ್ದಾರೆ, ಅಲ್ಲಿ ಪತ್ರಗಳು ಕಳೆದುಹೋಗುತ್ತವೆ.

ಅಕ್ಕ, ನಾನು ನಿಮ್ಮನ್ನು ಮರೆತೆ ಎಂದು ಕೋಪವಿದ್ದರೆ ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಇರೆಕ್


ವೊಜಿನಾ, ೧೯ ಆಗಸ್ಟ್ ೧೯೯೦

ಇರೆಕ್,

ಬರೆಯಲು ಕೈ ಬಿಡುವಿರಲಿಲ್ಲ. ಕೋಪ ಏನೂ ಇಲ್ಲ.

ನಾಲ್ಕು ಸಾವಿರ ಬುಟ್ಟಿ ಮುಗಿದವು. ನಾಳಿದ್ದು ಮಂಗಳವಾರ ಲಾರಿ ಹೊರಡುತ್ತದೆ. ಕಸ್ಟಮ್ಸ್ ಕಾಗದ ಬರೆಸೋಕೆ ನಾನೇ ನಾಲ್ಕು ಸಲ ಹೋದೆ. ಅಲ್ಲಿನ ಗುಮಾಸ್ತೆ, "ರಫ್ತು ಮಾಡುವವರ ಹೆಸರು?" ಅಂದಳು. "ತೆಕ್ಲಾ ಸರ್ನಾ" ಅಂದೆ. "ಸಂಸ್ಥೆಯ ಹೆಸರು ಕೇಳಿದ್ದು ಮೇಡಂ" ಅಂದಳು. "ಅದೇ ಹೆಸರು ಹಾಕಮ್ಮ" ಅಂದೆ. ಹಾಕಿದಳು. ಅದನ್ನು ಓದೋಕೆ ಸೊಗಸಾಗಿತ್ತು, ಸುಳ್ಳು ಯಾಕೆ ಹೇಳಲಿ.

ಈ ಬೇಸಿಗೆ ನೋಡಬೇಕಿತ್ತು ನೀನು. ಊರಿನ ಪ್ರತಿ ಅಂಗಳದಲ್ಲೂ ಬುಟ್ಟಿ. ರೊಜಾಲಿಯಾ ಅಜ್ಜಿಗೆ ಎಂಬತ್ತೊಂದು. ದಿನಕ್ಕೆ ನಾಲ್ಕು ತಳ ಹಾಕಿಕೊಟ್ಟಳು. ಗೆನ್ಯಾ ಅವಳ ಗಂಡನನ್ನೇ ಕಡ್ಡಿ ಸುಲಿಯಲು ಕೂರಿಸಿದಳು. ಅವನು, "ಗಂಡಸರ ಕೆಲಸ ಅಲ್ಲ ಇದು" ಅಂದ. "ಗಂಡಸರ ಕೆಲಸ ಯಾವುದಾದ್ರೂ ಮಾಡ್ತಿದ್ರೆ ನಾನು ಇದಕ್ಕೆ ಕರೀತಿರಲಿಲ್ಲ" ಅಂದಳು ಗೆನ್ಯಾ. ಆಮೇಲೆ ಕೂತು ಸುಲಿದ.

ಲಾರಿ ತುಂಬಿದ ಮೇಲೆ ನಮಗೆಲ್ಲ ಏನು ಮಾಡಬೇಕೋ ತೋಚಲಿಲ್ಲ. ರಸ್ತೆ ಬದಿಯಲ್ಲೇ ಕೂತು ಬ್ರೆಡ್ಡು, ಉಪ್ಪಿನ ಸೌತೆ ತಿಂದೆವು. ಸಾಹೇಬರಿಗೆ ಹೇಳು, ತಾರೀಖಿಗೆ ಮುಂಚೆಯೇ ಬರುತ್ತಿದೆ.

ತೆಕ್ಲಾ


ಹ್ಯಾಂಬರ್ಗ್, ೩ ಸೆಪ್ಟೆಂಬರ್ ೧೯೯೦

ಅಕ್ಕ,

ಹೇಗೆ ಬರೆಯಲಿ. ಇವತ್ತು ಗೋದಾಮಿನಲ್ಲಿ ಕಟ್ಟು ಬಿಚ್ಚಿದರು. ಮೊದಲ ಸಾಲು ಚಿನ್ನದ ಹಾಗಿತ್ತು. ಹಿಂದಿನ ಸಾಲು ಬಿಚ್ಚಿದರೆ ಬೂಷ್ಟು. ಹಿಡಿಯ ಬುಡದಲ್ಲಿ, ತಳದ ಗಂಟಿನಲ್ಲಿ, ಹಸಿರು ಬೂದಿ ಹಚ್ಚಿದ ಹಾಗೆ. ಸಾವಿರಕ್ಕಿಂತ ಹೆಚ್ಚು ಬುಟ್ಟಿ. ಲ್ಯೂಮನ್ ಒಂದನ್ನು ಎತ್ತಿ ನನ್ನ ಕೈಗಿಟ್ಟು, "ಇದರಲ್ಲಿ ನಾನು ಚೀಸ್ ಇಟ್ಟು ಮಾರಬೇಕಾ?" ಅಂದರು. ನಾಲ್ಕು ಸಾವಿರವನ್ನೂ ವಾಪಸ್ ಮಾಡುತ್ತೇನೆ ಎಂದು ಹೊರಟುಹೋದರು.

ಮೂವತ್ತಮೂರು ವರ್ಷ ಎಂದು ಬರೆದೆ. ನಲವತ್ತು ಹೆಂಗಸರು ಎಂದು ಬರೆದೆ. ನಲವತ್ತು ಜನರಲ್ಲಿ ಒಬ್ಬಳಿಗೂ ಒಣಗಿದ ಬುಟ್ಟಿ ಯಾವುದು, ಹಸಿ ಬುಟ್ಟಿ ಯಾವುದು ಎಂದು ತಿಳಿಯಲಿಲ್ಲವೇ? ಸರ್ಕಾರದ ಲಾರಿ ಏನು ತುಂಬಿದರೂ ಒಯ್ಯುತ್ತಿತ್ತು, ಅದೇ ಅಭ್ಯಾಸ. ಇಲ್ಲಿ ಕೊಳ್ಳುವವರಿಗೆ ಕಣ್ಣಿದೆ.

ನಾನು ಅಲ್ಲಿ ಕಳ್ಳನ ಹಾಗೆ ನಿಂತಿದ್ದೆ.

ಇರೆನೆವುಷ್


ವೊಜಿನಾ, ೧೪ ಸೆಪ್ಟೆಂಬರ್ ೧೯೯೦

ಇರೆಕ್,

ನಿನ್ನ ಕಾಗದವನ್ನು ಯಾರಿಗೂ ಓದಿ ಹೇಳಲಿಲ್ಲ. ಅವರ ತಪ್ಪಿಲ್ಲ. ಈಗ ನಿಜ ಕೇಳು.

ನಲವತ್ತು ಜನ ಇರಲಿಲ್ಲ. ಸಂಘವನ್ನು ಫೆಬ್ರವರಿಯಲ್ಲೇ ಮುಚ್ಚಿದರು. ಕೈ ಎತ್ತಿ ಮತ ಹಾಕಿಸಿದರು, ಹತ್ತೇ ನಿಮಿಷ. ಕಟ್ಟಡಕ್ಕೆ ಬೀಗ ಬಿತ್ತು, ಫೋನ್ ಕಿತ್ತರು. ಕೆಲವರು ಪೇಟೆಯಲ್ಲಿ ತರಕಾರಿ ಮಾರೋಕೆ ಹೋದರು, ಕೆಲವರು ಮನೆಯಲ್ಲೇ ಕೂತರು. ಹನ್ನೊಂದು ಜನ ಉಳಿದೆವು. ಅಗ್ನಿಶಾಮಕ ಠಾಣೆಯನ್ನು ಬೇಡಿ ಪಡೆದೆವು. ನಿನ್ನ ಆರ್ಡರ್ ಬಂದಾಗ ಆಗೋದಿಲ್ಲ ಅಂತ ಬರೆಯೋಕೆ ಕೂತೆ. ನೀನು ಅಷ್ಟು ದೊಡ್ಡ ಕಚೇರಿಯಲ್ಲಿ, ಅಷ್ಟು ದೊಡ್ಡವರ ಮುಂದೆ ನಮ್ಮ ಹೆಸರು ಹೇಳಿದ್ದೆ. ನಿನ್ನ ತಲೆ ತಗ್ಗಬಾರದು ಅಂತ 'ಆಗಲಿ' ಅಂದೆ.

ಸೈಕಲ್ ಹತ್ತಿ ಆರು ಹಳ್ಳಿ ಸುತ್ತಿದೆ. ಕೆಲಸ ಬಿಟ್ಟ ಮುದುಕಿಯರನ್ನು, ಮದುವೆಯಾಗಿ ಹೋದವರನ್ನು, ನಮ್ಮ ಜೊತೆ ಜಗಳ ಆಡಿದವರನ್ನೂ ಕರೆತಂದೆ. ಮೂರು ಸಾವಿರದವರೆಗೆ ಎಲ್ಲ ಸರಿಯಿತ್ತು. ಜುಲೈ ಕೊನೆಯಲ್ಲಿ ಹನ್ನೆರಡು ದಿನ ಮಳೆ ಹಿಡಿಯಿತು. ಕೊನೆಯ ಸಾವಿರ ಬುಟ್ಟಿಗೆ ಇನ್ನೊಂದು ವಾರ ಗಾಳಿ ಬೇಕಿತ್ತು. "ತೆಕ್ಲಾ, ಇವಕ್ಕಿನ್ನೂ ಉಸಿರು ಬಂದಿಲ್ಲ" ಅಂತ ರೊಜಾಲಿಯಾ ಅಜ್ಜಿ ಹೇಳಿದಳು. ಮುಟ್ಟಿ ನೋಡಿದರೆ ನನಗೂ ಗೊತ್ತಾಗುತ್ತಿತ್ತು. ಕೊಟ್ಟ ತಾರೀಖು ತಪ್ಪಬಾರದು ಅಂತ ತುಂಬಿಸಿದವಳು ನಾನು. ತಾರೀಖು ಉಳಿಸಿಕೊಂಡದ್ದು ನನ್ನ ಜಂಬಕ್ಕೆ, ಬುಟ್ಟಿಯ ಒಳಿತಿಗಲ್ಲ.

ಆ ಸಾಹೇಬರಿಗೆ ಹೇಳು, ಹೆಣೆದವಳು ಬರುತ್ತಿದ್ದಾಳೆ ಅಂತ. ನಾನು, ಗೆನ್ಯಾ ಇಬ್ಬರೂ ಬಂದು ಪ್ರತಿ ಬುಟ್ಟಿಯನ್ನೂ ಕೈಯಲ್ಲಿ ಹಿಡಿದು ಆರಿಸುತ್ತೇವೆ. ವೀಸಾಕ್ಕೆ ಅಲ್ಲಿಂದ ಒಂದು ಆಹ್ವಾನ ಪತ್ರ ಬೇಕಂತೆ, ಕಳಿಸು. ನಿನ್ನ ಕಚೇರಿ ಯಾವ ಬೀದಿಯಲ್ಲಿದೆ, ಬಸ್ಸಿಳಿದು ಹೇಗೆ ಬರಬೇಕು ಬರೆ.

ತೆಕ್ಲಾ


ಹ್ಯಾಂಬರ್ಗ್, ೨೪ ಸೆಪ್ಟೆಂಬರ್ ೧೯೯೦

ಅಕ್ಕ,

ನಿನ್ನೆ ಸಂತ ತೆಕ್ಲಾಳ ದಿನ, ನಿನ್ನ ಹೆಸರಿನ ಹಬ್ಬ. ಶುಭಾಶಯ ಬರೆಯೋ ಯೋಗ್ಯತೆಯೂ ನನಗಿಲ್ಲ.

ಕಚೇರಿಗೆ ಬರಬೇಡ. ಕಚೇರಿ ಇಲ್ಲ. ಜನವರಿಯಲ್ಲೇ, ನಿನ್ನ ಕಾಗದ ಬರೋ ಹೊತ್ತಿಗೆ, ನಮ್ಮನ್ನೆಲ್ಲ ಕೆಲಸದಿಂದ ಬಿಡಿಸಿ ಆಗಿತ್ತು. ಜೂನ್‌ವರೆಗೆ ಅಲ್ಲಿನ ಕಾವಲುಗಾರ ನಿನ್ನ ಕಾಗದ ಎತ್ತಿಟ್ಟು ಕೊಡ್ತಿದ್ದ. ಹೊರಡುವಾಗ ಮೇಜಿನ ಮೇಲಿದ್ದ ಹತ್ತು ಹಾಳೆ ಮುದ್ರೆಯ ಕಾಗದ ಕೋಟಿನೊಳಗೆ ಸೇರಿಸಿಕೊಂಡೆ. ಗೆನ್ಯಾ ಬೆಳಕಿಗೆ ಹಿಡಿದು ನೋಡಿದ್ದು ಅದನ್ನೇ.

ಬೆಳಗಿನ ಜಾವದಿಂದ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಇಳಿಸ್ತೀನಿ. ಮಧ್ಯಾಹ್ನ ಸ್ನಾನ ಮಾಡಿ, ಹಳೆ ಕೋಟು ಹಾಕಿಕೊಂಡು ಅಂಗಡಿ ಅಂಗಡಿ ಸುತ್ತಿದೆ. ಲ್ಯೂಮನ್ ಹದಿನೇಳನೆಯವರು. ಅವರು ಮೂಸಿದ್ದು ಬುಟ್ಟಿಯನ್ನಲ್ಲ, ನನ್ನನ್ನು ಅಂತ ಆಮೇಲೆ ಹೊಳೆಯಿತು. "ನೀವು ಕಚೇರಿಯವರಾ?" ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ರುಜು ಹಾಕಿದ್ದು ನನ್ನ ಸ್ವಂತ ಹೆಸರಲ್ಲಿ. ಹಿಂದೆ ಯಾರೂ ಇಲ್ಲ.

ನಿಮ್ಮ ಮಾನಕ್ಕಾಗಿ ನಾನು ಸುಳ್ಳು ಹೇಳ್ತಿದ್ದೀನಿ ಅಂದುಕೊಂಡಿದ್ದೆ. ನೀನೂ ನನ್ನ ಮಾನಕ್ಕಾಗಿ ಅದನ್ನೇ ಮಾಡ್ತಿದ್ದೆ. ಮೊನ್ನೆ ಬರೆದ ಮಾತುಗಳನ್ನು ವಾಪಸ್ ತಗೊಳ್ಳೋಕಾಗಲ್ಲ. ಆ ಕಾಗದ ಸುಟ್ಟುಬಿಡು.

ಲ್ಯೂಮನ್ ಹತ್ತಿರ ಹೋಗಿ ಎಲ್ಲ ಹೇಳಿದೆ, ಹನ್ನೊಂದು ಜನದ್ದು, ಮೀನಿನದ್ದು, ಎಲ್ಲ. ಅವರು, "ನವೆಂಬರ್ ಒಂದರವರೆಗೆ ಗೋದಾಮಿನ ಮೂಲೆ ಕೊಡ್ತೀನಿ, ಅಷ್ಟೆ" ಅಂದರು. ಆಹ್ವಾನ ಪತ್ರ ಇದರ ಜೊತೆಗಿದೆ, ಫ್ರೌ ಬ್ರಾಂಟ್ ಕೊಟ್ಟದ್ದು. ಅವರ ಮನೇಲಿ ಎರಡು ಹಾಸಿಗೆ ಇದೆ. ಬಾ.

ಇರೆಕ್


ವೊಜಿನಾ, ೪ ನವೆಂಬರ್ ೧೯೯೦

ಇರೆಕ್,

ಸುಖವಾಗಿ ಬಂದು ಸೇರಿದೆವು. ಹಿರಿಯರ ದಿನ ಅಮ್ಮನ ಸಮಾಧಿ ಮೇಲೆ ನಿನ್ನ ಹೆಸರಲ್ಲೂ ಒಂದು ದೀಪ ಹಚ್ಚಿದೆ.

ಬಸ್ ನಿಲ್ದಾಣದಲ್ಲಿ ನೀನು, "ಲ್ಯೂಮನ್ ಮನಸ್ಸು ಬದಲಾಯಿಸಿದ್ದು ಹೇಗೆ?" ಅಂತ ಮೂರು ಸಲ ಕೇಳಿದೆ. ನಾನು ಬಾಯಿ ಬಿಡಲಿಲ್ಲ. ಅಷ್ಟು ಜನದ ಮುಂದೆ ಅಳು ಬಂದುಬಿಟ್ಟರೆ ಅಂತ. ಈಗ ಕೇಳು.

ಮೂರನೇ ದಿನ ನೀನು ಬಂದರಿಗೆ ಹೋಗಿದ್ದೆ. ನಾನು, ಗೆನ್ಯಾ ಆರಿಸಿ ಮುಗಿಸಿದ್ದೆವು. ಒಳ್ಳೆಯವು, ಎರಡು ಸಾವಿರದ ಎಂಟುನೂರ ಅರವತ್ತು, ಒಂದು ಕಡೆ, ಬೂಷ್ಟಿನವು ಇನ್ನೊಂದು ಕಡೆ. ಸಾಹೇಬರು ಬಂದರು. ಗೋದಾಮು ನೋಡಿಕೊಳ್ಳುವ ಕೊತುಲಾ ಇದ್ದಾಳಲ್ಲ, ತನ್ನ ಅಜ್ಜಿಯಿಂದ ನಮ್ಮ ಮಾತು ಕಲಿತವಳು, ಅವಳೇ ನಡುವೆ ನಿಂತು ಹೇಳಿದಳು.

"ಒಳ್ಳೆಯವನ್ನು ಅರ್ಧ ಬೆಲೆಗೆ ತಗೋತೀನಿ. ಕೆಟ್ಟವನ್ನು ಸಂತೆಯಲ್ಲಿ ಮಾರೋಕೆ ಒಬ್ಬ ಗಿರಾಕಿ ಇದ್ದಾನೆ, ಒರೆಸಿದರೆ ಗೊತ್ತಾಗಲ್ಲ" ಅಂದರು ಸಾಹೇಬರು.

ನಾನು ಕೊತುಲಾಗೆ ಹೇಳಿದೆ, "ಒಳ್ಳೆ ಬುಟ್ಟಿ ಪೂರ್ತಿ ಬುಟ್ಟಿ, ಅದಕ್ಕೆ ಅರ್ಧ ಬೆಲೆ ಇಲ್ಲ. ಕೆಟ್ಟದ್ದು ಬುಟ್ಟಿಯೇ ಅಲ್ಲ, ಅದಕ್ಕೆ ಬೆಲೆಯೇ ಇಲ್ಲ ಅನ್ನು."

ಅವಳು ಅನುಮಾನಿಸಿದಳು. "ಹೀಗೇ ಹೇಳಲಾ ಅಮ್ಮಾ?"

"ಹೀಗೇ ಹೇಳು."

ಆಮೇಲೆ ನಾನು ಕತ್ತರಿ ತಗೊಂಡೆ. ಕಡ್ಡಿ ಕತ್ತರಿಸುವ ನನ್ನ ಕತ್ತರಿ, ಬಸ್ಸಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದೆ. ಬೂಷ್ಟಿನ ಮೊದಲ ಬುಟ್ಟಿ ಎತ್ತಿ ಹಿಡಿ ಕತ್ತರಿಸಿದೆ. ಎರಡನೆಯದು ಎತ್ತಿದೆ. ಗೆನ್ಯಾ ಒಂದು ಸಲ ನನ್ನ ಮುಖ ನೋಡಿದಳು, ತಾನೂ ಕತ್ತರಿ ತೆಗೆದಳು. ಇರೆಕ್, ಯಾವ ಹಿಡಿ ಯಾರು ಹೆಣೆದದ್ದು ಅಂತ ನನಗೆ ಗೊತ್ತಾಗುತ್ತಿತ್ತು. ಇದು ರೊಜಾಲಿಯಾ ಅಜ್ಜಿಯದು, ಇದು ಮೇಲ್ಬೀದಿಯವಳದು, ಇದು ನನ್ನದು. ಮಕ್ಕಳ ಕೈ ಬಿಡಿಸಿದ ಹಾಗಾಗುತ್ತಿತ್ತು. ಆದರೆ ನಮ್ಮೂರ ಬುಟ್ಟಿ ಒರೆಸಿಕೊಂಡು ಸಂತೆಯಲ್ಲಿ ನಿಲ್ಲಬಾರದು.

ಸಾಹೇಬರು ಹೋಗಲಿಲ್ಲ. ಒಂದು ಪೆಟ್ಟಿಗೆ ಎಳೆದುಕೊಂಡು ಕೂತು ನೋಡಿದರು. ಇನ್ನೂರೋ ಮುನ್ನೂರೋ ಆಗಿತ್ತು, ಕೊತುಲಾ ಅಳುತ್ತಿದ್ದಳು. ಅವರು ಎದ್ದು ಬಂದು ನನ್ನ ಕೈಯಿಂದ ಕತ್ತರಿ ತೆಗೆದುಕೊಂಡರು. ತಡೆಯುತ್ತಾರೆ ಅಂದುಕೊಂಡೆ. ತಾವೇ ಒಂದು ಬುಟ್ಟಿ ಎತ್ತಿ ಕತ್ತರಿಸೋಕೆ ನೋಡಿದರು, ಆಗಲಿಲ್ಲ. ಬೂಷ್ಟು ಹಿಡಿದರೂ ಹಿಡಿ ಅಷ್ಟು ಗಟ್ಟಿ.

"ಒಳ್ಳೆಯವಕ್ಕೆ ಪೂರ್ತಿ ಬೆಲೆ" ಅಂದರು. "ಉಳಿದ ಲೆಕ್ಕ ಮುಂದಿನ ವರ್ಷ ತುಂಬಿಸಿ ಕೊಡಿ. ಒಣಗಿಸಿ."

ಇಷ್ಟೇ ನಡೆದದ್ದು. ಊರಲ್ಲಿ ಹಿಡಿ ಕತ್ತರಿಸಿದ ವಿಷಯ ನಾನು, ಗೆನ್ಯಾ ಇಬ್ಬರೂ ಹೇಳಿಲ್ಲ. ಅಜ್ಜಿಗೆ ಮಾತ್ರ ಹೇಳಿದೆ. ಅವಳು ತಳ ಹಾಕುವುದನ್ನು ನಿಲ್ಲಿಸದೆ, "ನಂದೂ ಇತ್ತಾ?" ಅಂದಳು. "ಇತ್ತಜ್ಜಿ." "ಸರಿಯಾಗಿ ಮಾಡಿದೆ" ಅಂದಳು.

ತೆಕ್ಲಾ


ಹ್ಯಾಂಬರ್ಗ್, ೨ ಡಿಸೆಂಬರ್ ೧೯೯೦

ಅಕ್ಕ,

ನಿನ್ನ ಕಾಗದ ಓದಿ ಎದ್ದು ಹೊರಗೆ ಹೋದೆ, ಎಲ್ಲಿಗೆ ಅಂತ ಗೊತ್ತಿಲ್ಲದೆ. ಕಾಲು ತಾನಾಗಿ ಕೆರೆ ದಂಡೆಯ ಅಂಗಡಿಗೆ ಕರೆದೊಯ್ಯಿತು. ಕಿಟಕಿ ತುಂಬ ನಮ್ಮ ಬುಟ್ಟಿ. ಒಬ್ಬ ಹೆಂಗಸು ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದು ಬುಟ್ಟಿ ಆರಿಸ್ತಿದ್ದಳು. ಒಳಗಿನ ತಿಂಡಿ ನೋಡಲೇ ಇಲ್ಲ, ಬುಟ್ಟಿಯ ಅಂಚಿನ ಮೇಲೆ ಬೆರಳು ಓಡಿಸಿ ನೋಡಿದಳು. ಅಂಥವರೂ ಇದ್ದಾರೆ.

ನಾನೊಂದು ತೀರ್ಮಾನ ಮಾಡಿದ್ದೀನಿ. ಹೊಸ ವರ್ಷದಿಂದ ನನ್ನ ಹೆಸರಲ್ಲೇ ಒಂದು ಸಣ್ಣ ಆಮದು ಸಂಸ್ಥೆ. ಫ್ರೌ ಬ್ರಾಂಟ್ ಮುಂಗೋಣೆ ಬಿಟ್ಟುಕೊಡ್ತಾರೆ, ಒಂದು ಮೇಜು, ಒಂದು ಫೋನು. ಬಂದರಿನ ಕೆಲಸ ಇನ್ನೂ ಸ್ವಲ್ಪ ದಿನ ಬಿಡಲ್ಲ. ನಾಚಿಕೆಯೂ ಇಲ್ಲ ಈಗ. ಪ್ರತಿ ಬುಟ್ಟಿಗೂ ಒಂದು ಚೀಟಿ ಕಟ್ಟೋಣ, ಊರಿನ ಹೆಸರು, ಪೋಲೆಂಡ್ ಅಂತ. ಲ್ಯೂಮನ್ ಒಪ್ಪಿದ್ದಾರೆ. ನೀನೇನಂತಿ?

ಇರೆಕ್


ಹ್ಯಾಂಬರ್ಗ್, ೧ ಫೆಬ್ರವರಿ ೧೯೯೨

ಅಕ್ಕ,

ಕೂತು ಓದು. ಹೋದ ವರ್ಷದ ಬುಟ್ಟಿಯಲ್ಲಿ ಒಂದೂ ವಾಪಸ್ ಬರಲಿಲ್ಲ, ಒಂದೂ. ಲ್ಯೂಮನ್ ಈಗ ಬೇರೆ ಊರಿನ ಅಂಗಡಿಗಳ ಜೊತೆ ಸೇರಿಕೊಂಡಿದ್ದಾರೆ. ಇಪ್ಪತ್ತು ಸಾವಿರ ಬುಟ್ಟಿ ಕೇಳ್ತಿದ್ದಾರೆ, ಸೆಪ್ಟೆಂಬರ್ ಒಳಗೆ. ಇಪ್ಪತ್ತು ಸಾವಿರ.

ಈ ಸಲ ನಾನು 'ಕೊಡ್ತೀವಿ' ಅನ್ನಲಿಲ್ಲ. ಅಕ್ಕನ್ನ ಕೇಳಿ ಹೇಳ್ತೀನಿ ಅಂದೆ. ಬಾಯಿ ತುದಿವರೆಗೂ ಬಂದಿತ್ತು, ಸುಳ್ಳು ಹೇಳಲ್ಲ. ಇದಾದರೆ ನಾನು ಬಂದರು ಬಿಡಬಹುದು, ನಿಮಗೆ ಸ್ವಂತ ಕಟ್ಟಡ ಆಗುತ್ತೆ. ಆದರೆ ಎಷ್ಟಾಗುತ್ತೆ ಅಂತ ಹೇಳಬೇಕಾದವಳು ನೀನು.

ಇರೆಕ್


ವೊಜಿನಾ, ೧೨ ಫೆಬ್ರವರಿ ೧೯೯೨

ಇರೆಕ್,

ನಿನ್ನ ಕಾಗದವನ್ನು ಠಾಣೆಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ಈಗ ಯಾವ ಕಾಗದವನ್ನೂ ಮುಚ್ಚಿಡೋದಿಲ್ಲ, ಅದು ನಮ್ಮ ನಿಯಮ. ಸಂಖ್ಯೆ ಕೇಳಿ ಗೆನ್ಯಾ ಶಿಲುಬೆ ಗುರುತು ಹಾಕಿಕೊಂಡಳು.

ಇಪ್ಪತ್ತನಾಲ್ಕು ಜನ ಇದ್ದೇವೆ. ಅದರಲ್ಲಿ ಒಬ್ಬ ಕೆಲಸ ಬಿಟ್ಟ ಅಂಚೆಯವನು, ಇಬ್ಬರು ಎಳೆ ಬಾಣಂತಿಯರು. ಹೊಲದಲ್ಲಿ ಕಡ್ಡಿ ಎಷ್ಟಿದೆ ಅಂತ ನಡೆದು ನೋಡಿ ಬಂದೆವು. ಮಳೆ ಬಂದರೆ ಒಣಗಿಸೋಕೆ ಅಟ್ಟದಲ್ಲಿ ಎಷ್ಟು ಹಿಡಿಯುತ್ತೆ ಅಂತ ಬುಟ್ಟಿ ಜೋಡಿಸಿಯೇ ನೋಡಿದೆವು. ಒಂದು ಇಡೀ ದಿನ ಜಗಳ ಆಡಿದೆವು. ಅಂಚೆಯವನು, "ಎಂಟು ಸಾವಿರ ಅನ್ನೋಣ, ಧೈರ್ಯ ಮಾಡೋಣ" ಅಂದ. "ಧೈರ್ಯ ಬೇರೆ, ಗಾಳಿ ಬೇರೆ, ಗಾಳಿ ನಿನ್ನ ಮಾತು ಕೇಳುತ್ತಾ?" ಅಂತ ರೊಜಾಲಿಯಾ ಅಜ್ಜಿ ಅವನ ಬಾಯಿ ಮುಚ್ಚಿಸಿದಳು.

ಆರು ಸಾವಿರ. ಒಂದೂ ಹೆಚ್ಚಿಲ್ಲ. ಆರು ಸಾವಿರದಲ್ಲಿ ಯಾವ ಬುಟ್ಟಿ ಎತ್ತಿಕೊಂಡರೂ ಸಾಹೇಬರು ಬೂಟು ಹಾಕಿಕೊಂಡು ಹತ್ತಬಹುದು.

ಅವರು ಬೇಡ ಅಂದರೆ ನೀನು ಇನ್ನಷ್ಟು ದಿನ ಮೀನು ಹೊರಬೇಕಾಗುತ್ತೆ ಅಂತ ಗೊತ್ತು. ಅದನ್ನು ತಿಳಿದೇ ಬರೆಯುತ್ತಿದ್ದೇನೆ. ನೀನು ತಾಳ್ಕೊತೀಯ ಅಂತಲೂ ಗೊತ್ತು.

ತೆಕ್ಲಾ


ಹ್ಯಾಂಬರ್ಗ್, ೩ ಮಾರ್ಚ್ ೧೯೯೨

ಅಕ್ಕ,

ಹೋದೆ. ದೊಡ್ಡ ಮೇಜು, ಸುತ್ತ ಐದು ಜನ, ಎಲ್ಲ ಹೊಸ ಮುಖ. ಲ್ಯೂಮನ್ ಮೂಲೆಯಲ್ಲಿ ಕೂತಿದ್ದರು. ನಾನು ನಿಂತುಕೊಂಡೇ ಹೇಳಿದೆ, "ಆರು ಸಾವಿರ."

ಒಬ್ಬ ನಕ್ಕ. "ಇಪ್ಪತ್ತು ಸಾವಿರ ಬೇಡ ಅನ್ನೋ ವ್ಯಾಪಾರಿನ ನಾನು ನೋಡಿಲ್ಲ."

"ಈಗ ನೋಡಿದ್ರಿ" ಅಂದೆ.

"ಯಂತ್ರ ತರಿಸಿ. ಜನ ಹೆಚ್ಚಿಸಿ. ನಿಮ್ಮ ದೇಶದಲ್ಲಿ ಕೆಲಸ ಇಲ್ಲದವರಿಗೆ ಬರವಾ?"

"ಕೈ ಕಲಿಯೋಕೆ ನಾಲ್ಕು ವರ್ಷ ಬೇಕು. ಕಲಿಸ್ತಿದ್ದಾರೆ. ನಾಲ್ಕು ವರ್ಷ ಆದ್ಮೇಲೆ ಕೇಳಿ."

ಆಗ ಲ್ಯೂಮನ್ ಮೊದಲ ಸಲ ಬಾಯಿ ಬಿಟ್ಟರು. "ಆ ಆರು ಸಾವಿರ ನನ್ನ ಏಳು ಅಂಗಡಿಗೆ. ಉಳಿದದ್ದು ನೀವು ಎಲ್ಲಿಂದಾದರೂ ತರಿಸಿಕೊಳ್ಳಿ" ಅಂದರು ಅವರಿಗೆ. ಉಳಿದ ಹದಿನಾಲ್ಕು ಸಾವಿರ ದೂರದ ಯಾವುದೋ ದೇಶಕ್ಕೆ ಹೋಯಿತು. ಹೋಗಲಿ. ನಮ್ಮದಕ್ಕೆ ಮೂರು ವರ್ಷದ ಒಪ್ಪಂದ ಆಯಿತು, ಪ್ರತಿ ವರ್ಷ ಆರು ಸಾವಿರ. ಈ ಸಲ ಒಂದು ಸುಳ್ಳೂ ಹೇಳಲಿಲ್ಲ ಅಕ್ಕ.

ನಿನ್ನೆ ಬಂದರಿನ ಮೇಸ್ತ್ರಿಗೆ ಹೇಳಿ ಕೆಲಸ ಬಿಟ್ಟೆ. ಅವನು ಕೈ ಕುಲುಕಿ ಒಂದು ದೊಡ್ಡ ಹೆರಿಂಗ್ ಮೀನು ಕಾಗದದಲ್ಲಿ ಸುತ್ತಿ ಕೊಟ್ಟ. ಫ್ರೌ ಬ್ರಾಂಟ್ ಅದನ್ನು ಈರುಳ್ಳಿ ಹಾಕಿ ಹುರಿದರು.

ಜೂನಿನಲ್ಲಿ ಪೊಜ್ನಾನ್ ವ್ಯಾಪಾರ ಮೇಳ ಇದೆ. ನಿಮಗೊಂದು ಸಣ್ಣ ಮಳಿಗೆ ಹಿಡಿದಿದ್ದೀನಿ. ನನಗೆ ಆ ವಾರ ಇಲ್ಲಿಂದ ಕದಲೋಕಾಗಲ್ಲ. ನೀನೇ ಹೋಗಬೇಕು.

ಇರೆಕ್


ಪೊಜ್ನಾನ್, ೧೬ ಜೂನ್ ೧೯೯೨

ಇರೆಕ್,

ಮಳಿಗೆಯಲ್ಲೇ ಕೂತು ಮಂಡಿ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಮ್ಮ ಒಂದು ಕಡೆ ಟ್ರ್ಯಾಕ್ಟರ್ ಬಿಡಿಭಾಗ, ಇನ್ನೊಂದು ಕಡೆ ಕಿಟಕಿ ಚೌಕಟ್ಟು ಮಾರುವವರು. ಎಲ್ಲರ ಹತ್ತಿರವೂ ಬಣ್ಣಬಣ್ಣದ ಚಿತ್ರದ ಪುಸ್ತಕ ಇದೆ. ನಮ್ಮ ಹತ್ತಿರ ಇರಲಿಲ್ಲ. ಗೆನ್ಯಾ ಮುಖ ಸಣ್ಣ ಮಾಡಿಕೊಂಡಳು. ನಾನು ಬಕೆಟ್ಟಿನಲ್ಲಿ ಕಡ್ಡಿ ನೆನೆಸಿ, ಮಣೆ ಹಾಕಿಕೊಂಡು ಹೆಣೆಯೋಕೆ ಕೂತೆ. ಅಷ್ಟೇ ಸಾಕಾಯ್ತು. ಎರಡು ದಿನದಿಂದ ಜನ ನಮ್ಮ ಮುಂದೆ ಗುಂಪುಗಟ್ಟಿ ನಿಲ್ಲುತ್ತಾರೆ, ಕಿಟಕಿಯವರಿಗೆ ಹೊಟ್ಟೆಕಿಚ್ಚು.

ಇವತ್ತು ಬೆಳಿಗ್ಗೆ ಒಬ್ಬರು ಬಂದರು. ಬೆಳ್ಳಿ ಬಣ್ಣದ ಟೈ, ವಾರ್ಸಾದ ದೊಡ್ಡ ವ್ಯಾಪಾರ ಸಂಸ್ಥೆಯಂತೆ. ನನ್ನ ಕೈ ನೋಡುತ್ತ ಸುಮಾರು ಹೊತ್ತು ನಿಂತರು.

"ನಿಮ್ಮ ಮೇಲೆ ಯಾವ ಕಂಪನಿ ಇದೆ ಮೇಡಂ?" ಅಂದರು.

"ಮೇಲೆ ಚಾವಣಿ ಇದೆ" ಅಂದೆ.

ನಕ್ಕರು, ಒಳ್ಳೆಯ ಮನುಷ್ಯನೇ. "ಅದಲ್ಲ. ನಿಮ್ಮ ಕೆಲಸ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹೊರದೇಶದ ವ್ಯವಹಾರ ನಿಮ್ಮಂಥವರ ಕೈಲಿ ಆಗೋದಲ್ಲ. ಅದಕ್ಕೆ ಭಾಷೆ ಗೊತ್ತಿರಬೇಕು, ಅಲ್ಲಿನವರ ಮುಂದೆ ನಿಂತು ಮಾತಾಡೋ ಅನುಭವ ಇರೋ ಮನುಷ್ಯ ಬೇಕು. ಆ ಭಾಗ ನಮಗೆ ಬಿಡಿ. ನೀವು ಹೆಣೀತಾ ಇರಿ."

"ಅಂಥ ಮನುಷ್ಯ ಇದ್ದಾನೆ" ಅಂದೆ.

"ಯಾರು? ಈ ಕ್ಷೇತ್ರದಲ್ಲಿ ಎಲ್ಲರೂ ನನಗೆ ಗೊತ್ತು."

ಕೈಲಿದ್ದ ಕಡ್ಡಿ ಕೆಳಗಿಟ್ಟು ಎದ್ದು ನಿಂತೆ. "ನನ್ನ ತಮ್ಮ" ಅಂದೆ. "ಇರೆನೆವುಷ್ ಸರ್ನಾ. ಹ್ಯಾಂಬರ್ಗಿನಲ್ಲಿದ್ದಾನೆ. ಗೊತ್ತಿಲ್ಲದಿದ್ದರೆ ಗೊತ್ತು ಮಾಡ್ಕೊಳ್ಳಿ."

ಅವರು ಪೆನ್ನು ತೆಗೆದು ನಿನ್ನ ವಿಳಾಸ ಕೇಳಿದರು. ಫ್ರೌ ಬ್ರಾಂಟ್ ಮನೆಯ ವಿಳಾಸವನ್ನು ಅಕ್ಷರ ಬಿಡಿಸಿ ಹೇಳಿದೆ, ಬರೆದುಕೊಂಡು ಹೋದರು.

ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ ಅಂತ ಗೆನ್ಯಾ ಆಮೇಲೆ ಅಂದಳು. ಟ್ರ್ಯಾಕ್ಟರಿನವರು, ಕಿಟಕಿಯವರು, ಎದುರು ಸಾಲಿನವರು, ಎಲ್ಲ ತಿರುಗಿ ನೋಡಿದರಂತೆ.

ನೋಡಲಿ.

ತೆಕ್ಲಾ